ಬಿಲ್ಲು ಕಾಣೆಯಾಗಿದೆ, ಕಂಡವರು ತಿಳಿಸಿ

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರೋ ಕೆಂಪು ಬಸ್ಸು ಹತ್ತಿ ನೋಡಿ. ಕಾಸು ಈಸ್ಕೊಂಡ ತಕ್ಷಣ ಕಂಡಕ್ಟರು ಮಿಷನ್ನಿನಿಂದ ಟಿಕೆಟ್ ಹರಿದು ಕೈಗೆ ಕೊಡ್ತಾರೆ. ಕೊಡಲಿಲ್ಲ ಅಂದ್ರೆ ದಾರಿಯಲ್ಲಿ ಚೆಕಿಂಗ್‌ನವರು ಹತ್ತಿ ಅವರನ್ನೇ ಹಿಡೀತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತಲ್ಲ, ಆಗಲೂ ಟಿಕೆಟ್ ನಿಲ್ಲಲಿಲ್ಲ. ಶೂನ್ಯ ಟಿಕೆಟ್ ಅಂತ ಒಂದು ಚೀಟಿ ಹರಿದೇ ಕೊಡ್ತಾರೆ. ಕಾಸೇ ಇಲ್ಲದ ವ್ಯವಹಾರಕ್ಕೂ ಚೀಟಿ ಇರೋ ನಾಡು ನಮ್ಮದು.

ಅದೇ ಬಸ್ಸಿನಿಂದ ಇಳಿದು ನಿಲ್ದಾಣದ ಎದುರಿನ ಅಂಗಡಿಗೆ ಹೋಗಿ ಫೋನಿಗೆ ಕರೆನ್ಸಿ ಹಾಕಿಸಿ. ನೂರು, ಇನ್ನೂರು, ಮುನ್ನೂರು ಕೊಡ್ತೀರಿ. ಏನು ಬಂತು ಕೈಗೆ? ಇಂಗ್ಲಿಷಿನಲ್ಲಿ ಒಂದು ಮೆಸೇಜು. ಅದನ್ನು ಓದೋರೆಷ್ಟು ಜನ, ಅಳಿಸಿ ಹಾಕೋರೆಷ್ಟು ಜನ, ಅಂಗಡಿಯವರಿಗೇ ಗೊತ್ತು. ತಿಂಗಳು ತುಂಬೋ ಮೊದಲೇ ಕರೆ ಹೋಗೋದು ನಿಲ್ಲುತ್ತೆ. ಗಿರಾಕಿ ಅಂಗಡಿಗೆ ಬಂದು, 'ಮೊನ್ನೆ ತಾನೆ ಹಾಕ್ಸಿದ್ನಲ್ಲಯ್ಯಾ, ಎಲ್ಲೋಯ್ತು ನನ್ ದುಡ್ಡು?' ಅಂತ ಜಗಳ ತೆಗೀತಾರೆ. ಅಂಗಡಿಯವನಿಗೆ ಗೊತ್ತಿಲ್ಲ. ಗಿರಾಕಿಗೂ ಗೊತ್ತಿಲ್ಲ. ಗೊತ್ತಿರೋನು ಎಲ್ಲೋ ದೂರದೂರಿನ ಕಂಪ್ಯೂಟರ್ ಕೋಣೆಯಲ್ಲಿದ್ದಾನೆ. ಅವನನ್ನು ಹಾಸನದವರು ಕಂಡಿಲ್ಲ, ಹೊಳೆನರಸೀಪುರದವರೂ ಕಂಡಿಲ್ಲ.

ಇವತ್ತಿನ ಮಾತು ಆ ಕೋಣೆಯ ಲೆಕ್ಕದ್ದು. ಫೋನಿನ ಲೆಕ್ಕ ಹೆಂಗೆ ನಡೆಯುತ್ತೆ, ಎಲ್ಲಿ ನಮ್ಮ ಕಣ್ಣು ತಪ್ಪಿಸುತ್ತೆ, ನಾವು ಏನು ಕೇಳಬಹುದು ಅನ್ನೋದು.

ತಕ್ಕಡಿ ಯಾರ ಮನೆಯಲ್ಲಿತ್ತು?

ಮೊದಲು ಹಳೇ ಕಥೆ. 1985ರ ಜನವರಿಯವರೆಗೆ ಅಂಚೆ ಮತ್ತು ತಂತಿ ಅಂತ ಒಂದೇ ಇಲಾಖೆ ಇತ್ತು. ಆಮೇಲೆ ಫೋನಿನದು ಬೇರೆ ಆಯಿತು. ಅರಕಲಗೂಡಿನ ವ್ಯಾಪಾರಿ ಬೆಂಗಳೂರಿನ ಸಾವುಕಾರನ ಹತ್ತಿರ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು ಅಂತ ಹಿರಿಯರು ಇವತ್ತಿಗೂ ಹೇಳ್ತಾರೆ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ದರ್ಜೆ. ಅರ್ಜೆಂಟಿಗೆ ಎರಡು ಪಟ್ಟು ದುಡ್ಡು, ಲೈಟ್ನಿಂಗಿಗೆ ಎಂಟು ಪಟ್ಟು. ಮೂರು ಮೂರು ನಿಮಿಷಕ್ಕೆ ಲೆಕ್ಕ. ಯಾವ ನಂಬರಿನಿಂದ ಯಾವ ಊರಿಗೆ ಎಷ್ಟು ಹೊತ್ತು ಅಂತ ಆಪರೇಟರು ಒಂದು ಚೀಟಿಯಲ್ಲಿ ಬರೀತಿದ್ದರು. ಆ ಚೀಟಿ ಲೆಕ್ಕದ ಆಫೀಸಿಗೆ ಹೋಗಿ ಬಿಲ್ಲಾಗಿ ಬರ್ತಿತ್ತು. ಬಿಲ್ಲಿನಲ್ಲಿ ತಕರಾರು ಇದ್ದರೆ ಚೀಟಿ ತೆಗೆಸಿ ನೋಡಬಹುದಿತ್ತು. ಮನುಷ್ಯರ ಕೈಬರಹ, ಮನುಷ್ಯರ ತಪ್ಪು, ಮನುಷ್ಯರ ಉತ್ತರ.

ಆಮೇಲೆ ಎಸ್‌ಟಿಡಿ ಬಂತು. ದೇಶದಲ್ಲಿ ಮೊದಲು ಬಂದಿದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಆಪರೇಟರ ಕೈಯಿಲ್ಲದೆ ನೇರವಾಗಿ ನಂಬರ್ ತಿರುಗಿಸೋ ಸೌಕರ್ಯ. ಹಾಸನಕ್ಕೆ 08172, ಚನ್ನರಾಯಪಟ್ಟಣಕ್ಕೆ 08176, ಹೊಳೆನರಸೀಪುರ ಅರಕಲಗೂಡು ಎರಡಕ್ಕೂ ಸೇರಿ ಒಂದೇ 08175. ತಾಲ್ಲೂಕು ಎರಡು, ತಹಸೀಲ್ದಾರರು ಇಬ್ಬರು, ಆದರೆ ಫೋನಿನ ಲೆಕ್ಕದಲ್ಲಿ ಒಂದೇ ಮನೆ. ಕಂದಾಯ ಇಲಾಖೆಯ ನಕ್ಷೆ ಬೇರೆ, ಫೋನಿನವರ ನಕ್ಷೆ ಬೇರೆ ಅನ್ನೋದಕ್ಕೆ ನಮ್ಮೂರಿಗಿಂತ ಉದಾಹರಣೆ ಬೇಕಿಲ್ಲ.

ಎಸ್‌ಟಿಡಿ ಬಂದಾಗ ಚೀಟಿ ಹೋಯಿತು, ಮೀಟರು ಬಂತು. ಎಕ್ಸ್‌ಚೇಂಜಿನೊಳಗೆ ಒಬ್ಬೊಬ್ಬ ಗ್ರಾಹಕನಿಗೆ ಒಂದೊಂದು ಮೀಟರು. ಹತ್ತಿರದ ಊರಿಗೆ ಮಾತಾಡಿದರೆ ನಿಧಾನಕ್ಕೆ ತಿರುಗೋದು, ದೂರದೂರಿಗೆ ಮಾತಾಡಿದರೆ ದಡದಡ ಓಡೋದು. ಬಿಲ್ಲಿನಲ್ಲಿ ಹಿಂದಿನ ರೀಡಿಂಗು, ಈಗಿನ ರೀಡಿಂಗು, ಕಳೆದರೆ ಇಷ್ಟು, ಕಟ್ಟಿ ಅಂತ ಇರ್ತಿತ್ತು. ಯಾವ ದಿನ ಯಾವೂರಿಗೆ ಮಾತಾಡಿದಿರಿ ಅನ್ನೋದು ಅದರಲ್ಲಿ ಇರಲಿಲ್ಲ. 'ನಾವು ಊರಲ್ಲೇ ಇರಲಿಲ್ಲ ಸ್ವಾಮಿ, ಬೀಗ ಹಾಕಿತ್ತು, ಬಿಲ್ಲು ಮಾತ್ರ ಬಂದಿದೆ' ಅನ್ನೋ ದೂರಿಗೆ ಆ ಕಾಲದಲ್ಲಿ ಬರವಿರಲಿಲ್ಲ.

ಕರೆಂಟಿನ ಮೀಟರು ನಮ್ಮ ಮನೆ ಗೋಡೆಯ ಮೇಲಿರುತ್ತೆ. ಬೇಕಾದಾಗ ಬಗ್ಗಿ ನೋಡಬಹುದು. ಫೋನಿನ ಮೀಟರು ಇದ್ದಿದ್ದು ಅವರ ಕೋಣೆಯಲ್ಲಿ, ಬೀಗದೊಳಗೆ. ಮಾರೋನ ಮನೆಯಲ್ಲೇ ತಕ್ಕಡಿ, ಕೊಳ್ಳೋನು ಬೀದಿಯಲ್ಲಿ. ಮೂಲ ರೋಗ ಇದೇ. ಇವತ್ತಿಗೂ ವಾಸಿಯಾಗಿಲ್ಲ.

ನಡುವೆ ಬಂದ ಒಳ್ಳೇ ಕಾಲ

ಹಾಗಂತ ತಕ್ಕಡಿ ನಮ್ಮ ಕಡೆ ತಿರುಗಿದ್ದೇ ಇಲ್ಲ ಅಂತಲ್ಲ. ಒಂದು ಕಾಲ ಇತ್ತು. ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನ ಕಾಲ.

1984ರ ಆಗಸ್ಟಿನಲ್ಲಿ ಸಿ-ಡಾಟ್ ಅಂತ ಸಂಸ್ಥೆ ಹುಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದೆ ನಿಂತರು. ನಮ್ಮ ದೇಶದ ಧೂಳು, ಸೆಕೆಗೆ ತಡೆಯೋ ಹಂಗೆ ಹಳ್ಳಿಗೊಂದು ಸಣ್ಣ ಎಕ್ಸ್‌ಚೇಂಜ್ ಮಾಡಿದರು. ಅಂಥ ಮೊದಲನೇ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿದ್ದು 1986ರ ಜುಲೈನಲ್ಲಿ ನಮ್ಮದೇ ಕರ್ನಾಟಕದ ಕಿತ್ತೂರಿನಲ್ಲಿ. ಅದರ ಬೆನ್ನಿಗೆ ಊರೂರಿಗೆ ಎಸ್‌ಟಿಡಿ ಬೂತು ಬಂದವು. ಬಸ್ ನಿಲ್ದಾಣ, ಆಸ್ಪತ್ರೆ, ಕೋರ್ಟು, ಎಲ್ಲಿ ನೋಡಿದರೂ ಹಳದಿ ಬೋರ್ಡು.

ಬೂತಿನಲ್ಲಿ ಏನಿತ್ತು ನೆನಪು ಮಾಡ್ಕೊಳ್ಳಿ. ಗಾಜಿನ ಗೂಡು, ಒಳಗೆ ಫೋನು, ಕಣ್ಣೆದುರಿಗೇ ಕೆಂಪಕ್ಷರದ ಮೀಟರು. ಎಷ್ಟು ಸೆಕೆಂಡಾಯಿತು, ಎಷ್ಟು ರೂಪಾಯಾಯಿತು, ಎರಡೂ ಓಡ್ತಿರೋದು ಕಾಣ್ತಿತ್ತು. ಕಾಸು ಕಡಿಮೆ ಇದ್ದೋನು ಮೀಟರು ನೋಡಿಯೇ 'ಸರಿ ಕಣಪ್ಪ, ಇಡ್ತೀನಿ' ಅಂತಿದ್ದ. ಹೊರಗೆ ಬಂದರೆ ಸಣ್ಣ ಮಿಷನ್ನು ಕರ್‌ಕರ್ ಅಂತ ಚೀಟಿ ಹೊಡೆದು ಕೊಡೋದು. ನಂಬರು, ಹೊತ್ತು, ದುಡ್ಡು ಎಲ್ಲಾ ಅದರಲ್ಲಿ. ರಾತ್ರಿ ದರ ಇಳಿಯೋ ಹೊತ್ತಿಗೆ ಬೂತಿನ ಮುಂದೆ ಕ್ಯೂ ನಿಲ್ತಿತ್ತು, ಯಾಕಂದ್ರೆ ಯಾವ ಗಂಟೆಗೆ ಎಷ್ಟು ಅನ್ನೋದು ಕೂಲಿ ಮಾಡೋನಿಗೂ ಬಾಯಿಪಾಠ.

ಫೋನಿನ ಲೆಕ್ಕ ಜನಸಾಮಾನ್ಯರಿಗೆ ಅಷ್ಟು ಚೆನ್ನಾಗಿ ಅರ್ಥವಾಗಿದ್ದ ಕಾಲ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಮೀಟರು ಕೊಳ್ಳೋನ ಕಡೆ ಮುಖ ಮಾಡಿತ್ತು. ಇವತ್ತು ಕರೆನ್ಸಿ ಹಾಕೋ ಎಷ್ಟೋ ಅಂಗಡಿಗಳು ಆವತ್ತಿನ ಬೂತುಗಳೇ. ಗೂಡು ಹೋಯಿತು, ಬೋರ್ಡು ಹೋಯಿತು, ಜೊತೆಗೆ ಚೀಟಿಯೂ ಹೋಯಿತು.

ಕಂಪ್ಯೂಟರ್ ಕೋಣೆಯೊಳಗೆ

1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಮಂತ್ರಿ ಸುಖರಾಂ ಅವರ ಜೊತೆ ಮಾತಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ಇತ್ತು. ಬಂದ ಕರೆಗೂ ದುಡ್ಡು. ಬಂದ ಕರೆ ಪುಕ್ಕಟೆಯಾಗಿದ್ದು 2003ರ ಮೇ ಒಂದರಿಂದ. ಸರ್ಕಾರದ ಫೋನು 2000ದ ಅಕ್ಟೋಬರ್ ಒಂದರಿಂದ ಬಿಎಸ್ಸೆನ್ನೆಲ್ ಆಯಿತು. 2009ರಲ್ಲಿ ಟಾಟಾ ಡೊಕೊಮೊದವರು ಸೆಕೆಂಡಿನ ಲೆಕ್ಕ ತಂದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಇಂಟರ್‌ನೆಟ್ಟು ಅಗ್ಗವಾಯಿತು. ದರ ಇಳಿದಿದ್ದು ಸುಳ್ಳಲ್ಲ. ಇಳಿದಿದ್ದನ್ನು ಇಳಿದಿದೆ ಅಂತ ಹೇಳೋಣ. ಆದರೆ ಅಗ್ಗದ ಮಾಲಿಗೆ ಬಿಲ್ ಬೇಡ ಅಂತ ಯಾವ ಕಾನೂನಿದೆ?

ಈಗ ಒಂದು ಕರೆಯ ಲೆಕ್ಕ ಹೆಂಗೆ ಹುಟ್ಟುತ್ತೆ, ನಮ್ಮ ಆಲೂಗೆಡ್ಡೆ ಮಂಡಿಯ ಮಾತಿನಲ್ಲೇ ಹೇಳ್ತೀನಿ.

ಮಂಡಿಗೆ ಮಾಲು ಬಂದಾಗ ಮೊದಲು ತೂಕದ ಚೀಟಿ. ಹಂಗೆಯೇ ನೀವು ಕರೆ ಮಾಡಿ ಇಟ್ಟ ಮೇಲೆ ಎಕ್ಸ್‌ಚೇಂಜಿನ ಯಂತ್ರ ಒಂದು ಚೀಟಿ ಬರೆಯುತ್ತೆ. ಯಾರಿಂದ ಯಾರಿಗೆ, ಎಷ್ಟು ಗಂಟೆಗೆ, ಎಷ್ಟು ಸೆಕೆಂಡು, ಯಾವ ಟವರಿನಿಂದ, ಎಲ್ಲಾ ಅದರಲ್ಲಿರುತ್ತೆ. ಹಳೇ ಟ್ರಂಕ್ ಕಾಲ್ ಚೀಟಿಯ ಮೊಮ್ಮಗ ಅಂತಿಟ್ಕೊಳ್ಳಿ. ಎರಡನೆಯದು ಜರಡಿ. ಬೇರೆ ಬೇರೆ ಯಂತ್ರದಿಂದ ಬಂದ ಚೀಟಿಗಳನ್ನು ಒಂದೇ ಅಚ್ಚಿಗೆ ತಂದು, ಎರಡು ಸಲ ಬಂದಿದ್ದು, ಅರ್ಧಂಬರ್ಧ ಬಂದಿದ್ದು ಜಾಲಿಸಿ ತೆಗೀತಾರೆ. ಮೂರನೆಯದು ದರ ಹಚ್ಚೋದು. ಈ ಗ್ರಾಹಕ ಯಾವ ಸ್ಕೀಮಿನಲ್ಲಿದ್ದಾನೆ, ಕರೆ ಪುಕ್ಕಟೆಯೋ ಕಾಸಿನದೋ, ಹೊರದೇಶಕ್ಕೋ ಒಳಗೋ ಅಂತ ನೋಡಿ ರೂಪಾಯಿ ಬರೀತಾರೆ. ನಾಲ್ಕನೆಯದು ಖಾತೆ. ತಿಂಗಳ ಕೊನೆಗೆ ಒಟ್ಟು ಕೂಡಿ, ತೆರಿಗೆ ಸೇರಿಸಿದರೆ ಬಿಲ್ಲು. 2017ರ ಜುಲೈ ಒಂದರಿಂದ ಜಿಎಸ್‌ಟಿ ನೂರಕ್ಕೆ 18.

ಐದನೆಯದು ದಲ್ಲಾಳಿ ಲೆಕ್ಕ, ಒಂದು ಕಂಪನಿಗೂ ಇನ್ನೊಂದು ಕಂಪನಿಗೂ ನಡುವಿನದು. ಹಾಸನದ ಜಿಯೋ ಫೋನಿನಿಂದ ಅರಕಲಗೂಡಿನ ಬಿಎಸ್ಸೆನ್ನೆಲ್ ಫೋನಿಗೆ ಕರೆ ಹೋದರೆ, ಕರೆ ಮುಟ್ಟಿಸಿದ್ದಕ್ಕೆ ಒಬ್ಬರು ಇನ್ನೊಬ್ಬರಿಗೆ ಕಾಸು ಕೊಡಬೇಕಿತ್ತು. 2015ರಲ್ಲಿ ಅದು ನಿಮಿಷಕ್ಕೆ 14 ಪೈಸೆ, 2017ರ ಅಕ್ಟೋಬರಿನಿಂದ 6 ಪೈಸೆ, 2021ರ ಜನವರಿ ಒಂದರಿಂದ ಸೊನ್ನೆ. ಆರು ಪೈಸೆಗೂ ಕಂಪನಿಗಳು ಚೀಟಿ ಎದುರು ಚೀಟಿ ಇಟ್ಟು ತಾಳೆ ನೋಡ್ತಿದ್ದವು. ನಾವು ಇನ್ನೂರು ರೂಪಾಯಿಗೆ ಚೀಟಿ ಕೇಳಿದರೆ 'ಅದೆಲ್ಲ ಸಿಸ್ಟಮ್ಮಲ್ಲಿ ಇದೆ ಸಾರ್' ಅಂತಾರೆ.

ಮೇಲಿನದೆಲ್ಲ ತಿಂಗಳ ಬಿಲ್ಲಿನವರ ಕಥೆ. ಹಾಲಿನ ವರ್ತನೆ ಇದ್ದ ಹಂಗೆ, ಮೊದಲು ಹಾಲು, ಆಮೇಲೆ ಲೆಕ್ಕ. ನಮ್ಮಲ್ಲಿ ಹೆಚ್ಚಿನವರದು ಮುಂಗಡದ ಫೋನು. ಇಲ್ಲಿ ಎಲ್ಲಾ ತಿರುಗಾಮುರುಗಾ. ನೀವು ಹಸಿರು ಗುಂಡಿ ಒತ್ತಿ, ಆ ಕಡೆ ಗಂಟೆ ಬಾರಿಸೋ ಮೊದಲೇ ಯಂತ್ರ ಕಂಪ್ಯೂಟರನ್ನು ಕೇಳುತ್ತೆ, 'ಇವರ ಖಾತೆಯಲ್ಲಿ ಏನಿದೆ? ದಿನ ಮುಗಿದಿದೆಯಾ?' ಅಂತ. ಅದು ಹೂಂ ಅಂದರೆ ಕರೆ, ಉಹೂಂ ಅಂದರೆ ಇಲ್ಲ. ಇಂಟರ್‌ನೆಟ್ಟಿಗಾದರೆ ಖಾತೆಯಿಂದ ಒಂದು ಚೂರು ಮುರಿದು ಕೈಗೆ ಕೊಡುತ್ತೆ, ಅದು ಮುಗಿದರೆ ಇನ್ನೊಂದು ಚೂರು. ಎಲ್ಲಾ ಕಣ್ಣು ಮಿಟುಕಿಸೋದರೊಳಗೆ. ಇಲ್ಲಿ ಬಾಕಿ ಅನ್ನೋದೇ ಇಲ್ಲ. ಕಂಪನಿಗೆ ಸಾಲ ಮುಳುಗೋ ಭಯ ಇಲ್ಲ. ಬಾಕಿ ಇಲ್ಲದ ಮೇಲೆ ಬಿಲ್ಲು ಯಾಕೆ ಅಂತ ಬಿಲ್ಲನ್ನೇ ಎತ್ತಿಬಿಟ್ಟರು. ದುಡ್ಡು ಮೊದಲು ಅವರ ಕೈಗೆ ಹೋಯಿತು, ಲೆಕ್ಕ ಕೇಳೋ ಕಾಗದ ನಮ್ಮ ಕೈಯಿಂದ ಹೋಯಿತು.

ಬಿಎಸ್ಸೆನ್ನೆಲ್ ಸ್ಥಿರ ಫೋನಿನ ಲೆಕ್ಕವೂ ಊರು ಬಿಟ್ಟಿತು. ಮುಂಚೆ ಆಯಾ ಜಿಲ್ಲೆಯ ಟೆಲಿಫೋನ್ ಆಫೀಸಿನಲ್ಲೇ ಬಿಲ್ಲು ತಯಾರಾಗ್ತಿತ್ತು. ಆಮೇಲೆ ದೇಶವನ್ನು ನಾಲ್ಕು ವಲಯ ಮಾಡಿದರು. ನಮ್ಮ ದಕ್ಷಿಣದ್ದು ಹೈದರಾಬಾದಿನ ಕಂಪ್ಯೂಟರ್ ಕೇಂದ್ರಕ್ಕೆ ಹೋಯಿತು. ತಮಾಷೆ ನೋಡಿ, 1982ರಿಂದ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಆಕಾಶದಲ್ಲಿರೋ ಇನ್ಸಾಟ್ ಉಪಗ್ರಹಗಳ ಲಗಾಮು ಹಿಡಿದಿರೋರು ಇಲ್ಲಿಯವರು. ದೇಶದ ಟಿವಿ, ಫೋನಿನ ಮಾತು ಆ ಉಪಗ್ರಹಗಳ ಮೂಲಕ ಹರಿದಿದೆ. ಉಪಗ್ರಹದ ಲೆಕ್ಕ ಹಾಸನದಲ್ಲಿ ಸಿಗುತ್ತೆ. ಹಾಸನದ ಫೋನಿನ ಲೆಕ್ಕ ಹಾಸನದಲ್ಲಿ ಸಿಗೋದಿಲ್ಲ.

ಇಪ್ಪತ್ತೆಂಟು ದಿನದ ತಿಂಗಳು

ಬಿಲ್ಲು ಹೋದ ಮೇಲೆ ಏನೇನಾಯಿತು? ಮೊದಲನೆಯದು ತಿಂಗಳೇ ಕುಗ್ಗಿತು. ಸಂಬಳಕ್ಕೆ ತಿಂಗಳು ಅಂದರೆ ಮೂವತ್ತು ದಿನ, ಅಂಗಡಿ ಬಾಡಿಗೆಗೂ ಅಷ್ಟೇ. ಫೋನಿನವರಿಗೆ ಮಾತ್ರ 28. 28ರಿಂದ 365ನ್ನು ಭಾಗಿಸಿ ನೋಡಿ, ವರ್ಷಕ್ಕೆ 13 ಸಲ ಕರೆನ್ಸಿ. ಹದಿಮೂರನೇ ತಿಂಗಳು ಯಾವ ಪಂಚಾಂಗದಲ್ಲಿದೆ? ಅಧಿಕ ಮಾಸವೂ ವರ್ಷ ವರ್ಷ ಬರೋದಿಲ್ಲ ಸ್ವಾಮಿ. ಜನ ಕೂಗಾಡಿದ ಮೇಲೆ 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಆಜ್ಞೆ ಹೊರಡಿಸಿತು. ಪ್ರತಿ ಕಂಪನಿಯೂ 30 ದಿನದ್ದೊಂದು, ತಿಂಗಳು ತಿಂಗಳು ಅದೇ ತಾರೀಖಿಗೆ ಹಾಕಿಸೋದೊಂದು ಸ್ಕೀಮು ಇಡಲೇಬೇಕು ಅಂತ. ಇಟ್ಟರು. ಎಲ್ಲಿಟ್ಟರು? ಅಂಗಡಿಯ ಒಳಕೋಣೆಯಲ್ಲಿ ಹಳೇ ಮಾಲು ಇಡ್ತಾರಲ್ಲ, ಹಂಗೆ. ಕೇಳಿದವರಿಗೆ ಮಾತ್ರ ಸಿಗುತ್ತೆ. ಕೇಳಬೇಕು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಎರಡನೆಯದು ನಂಬರ್ ಜೀವಂತ ಇಟ್ಕೊಳ್ಳೋ ದರ. ಏರ್‌ಟೆಲ್ ಒಂದನ್ನೇ ತಗೊಳ್ಳಿ. 2018ರ ಕೊನೆಗೆ 28 ದಿನಕ್ಕೆ 35 ರೂಪಾಯಿ ಹಾಕಿಸಿದರೆ ಸಾಕಿತ್ತು. 2021ರ ನವೆಂಬರಿಗೆ 99. 2023ರ ಜನವರಿಗೆ ಕರ್ನಾಟಕದಲ್ಲಿ 155. 2024ರ ಜುಲೈಗೆ 199. ಹದಿಮೂರು ಸಲಕ್ಕೆ ಕೂಡಿದರೆ 2587 ರೂಪಾಯಿ. ಗುಂಡಿ ಫೋನು ಇಟ್ಕೊಂಡು, ಮಗ ಬೆಂಗಳೂರಿನಿಂದ ಫೋನ್ ಮಾಡಿದರೆ 'ಹಲೋ' ಅನ್ನೋದಕ್ಕಷ್ಟೇ ಬಳಸೋ ಅಜ್ಜಿಗೆ ಈ ಲೆಕ್ಕ. ಈಗ ಆ ಫೋನು ಬರೀ ಮಾತಿಗಲ್ಲ. ಬ್ಯಾಂಕಿನ ಮೆಸೇಜು, ಆಧಾರಿನ ಓಟಿಪಿ, ಪಿಂಚಣಿ ಎಲ್ಲಾ ಆ ನಂಬರಿಗೆ ಕಟ್ಟಿಹಾಕಿದ್ದಾರೆ. ಗೃಹಲಕ್ಷ್ಮಿಯ 2000 ರೂಪಾಯಿ ಬಂತೋ ಇಲ್ಲವೋ ಅಂತ ತಿಳ್ಕೊಳ್ಳೋಕೆ ಅದರಲ್ಲೇ ಹತ್ತನೇ ಒಂದು ಪಾಲು ಫೋನಿನವನಿಗೆ ಇಡಬೇಕು ಅಂದರೆ, ಇದನ್ನು ಏನಂತ ಕರೀಬೇಕು, ನೀವೇ ಹೇಳಿ.

ಅಜ್ಜಿಗೆ ಇಂಟರ್‌ನೆಟ್ ಬೇಡ, ಬರೀ ಮಾತಿನ ಸ್ಕೀಮು ಕೊಡಿ ಅಂತ 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಿದ್ದಿತು. 2025ರ ಜನವರಿಯಲ್ಲಿ ಜಿಯೋ, ಏರ್‌ಟೆಲ್ ಅಂಥ ಸ್ಕೀಮು ಬಿಟ್ಟವು. ಆದರೆ ಒಂದು 84 ದಿನದ್ದು, ಇನ್ನೊಂದು ಹೆಚ್ಚೂಕಡಿಮೆ ವರ್ಷದ್ದು. ಕೈಯಲ್ಲಿ ಇನ್ನೂರು ಇರೋರಿಗೆ ಅಂತ ಮಾಡಿದ ನಿಯಮ, ನಾನೂರು ಐನೂರು ಒಟ್ಟಿಗೆ ಇರೋರಿಗೆ ಮಾತ್ರ ದಕ್ಕಿತು. ಅರ್ಧ ಕೆಜಿ ಸಕ್ಕರೆ ಕೇಳಿದರೆ ಮೂಟೆ ತಗೊಂಡೋಗು ಅಂದ ಹಂಗಾಯಿತು.

ಮೂರನೆಯದು ಹತ್ತು ರೂಪಾಯಿ ಟಾಪಪ್. ಹಾಕಿಸಿದರೆ ಬರೋದು 7 ರೂಪಾಯಿ 47 ಪೈಸೆ. ಅಂಗಡಿಯವನು ತಿಂದ ಅಂತ ಬೈತಾರೆ. ಪಾಪ, ಅವನು ತಿಂದಿಲ್ಲ. ಹತ್ತು ರೂಪಾಯಿಯೊಳಗಿನ ಜಿಎಸ್‌ಟಿ 1 ರೂಪಾಯಿ 53 ಪೈಸೆ, ಕಂಪನಿಯ ಸೇವಾ ಶುಲ್ಕ 1 ರೂಪಾಯಿ. ಲೆಕ್ಕ ಸರಿಯಾಗೇ ಇದೆ. ಆದರೆ ಅದನ್ನು ಯಾರೂ ಬರೆದು ತೋರಿಸಿಲ್ಲ. ತೋರಿಸದೇ ಇರೋ ಸರಿ ಲೆಕ್ಕಕ್ಕೂ ಬೈಗುಳ ತಿನ್ನೋನು ಗಲ್ಲಾದ ಮೇಲೆ ಕೂತ ನಮ್ಮ ಅಂಗಡಿಯವನು.

ನಾಲ್ಕನೆಯದು ಗ್ರಾಹಕರ ಪಟ್ಟಿ. ನಿಮ್ಮ ಹೆಸರು, ವಿಳಾಸ, ಆಧಾರು, ಸ್ಕೀಮು, ದೂರು, ಎಲ್ಲಾ ಒಂದೇ ಕಡೆ ಇಡೋ ಕಡತ ಅದು. ಬಿಲ್ಲಿನ ಯಂತ್ರಕ್ಕೆ ಅದೇ ಆಧಾರ. ಅದು ಎಲ್ಲೆಲ್ಲಿಗೆ ಕೈ ಚಾಚಬಹುದು ಅಂತ 2017ರಲ್ಲಿ ದೇಶ ನೋಡಿತು. ಸಿಮ್ಮಿಗೆ ಆಧಾರ್ ಜೋಡಿಸಲು ಹೋದವರ ಹೆಸರಲ್ಲಿ, ಸರಿಯಾಗಿ ಒಪ್ಪಿಗೆಯನ್ನೂ ಕೇಳದೆ, ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆದಿದ್ದರು. ಗ್ಯಾಸಿನ ಸಬ್ಸಿಡಿ ಹೋಗಿ ಆ ಖಾತೆಗೆ ಬಿತ್ತು. ಡಿಸೆಂಬರಿನಲ್ಲಿ ಆಧಾರ್ ಪ್ರಾಧಿಕಾರ ಅವರ ಪರವಾನಗಿ ಅಮಾನತು ಮಾಡಿತು. 2018ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಆ ಬ್ಯಾಂಕಿಗೆ 5 ಕೋಟಿ ದಂಡ ಹಾಕಿತು. ಒಂದು ಹೆಬ್ಬೆಟ್ಟು ಒತ್ತಿದ್ದಕ್ಕೆ ಸಬ್ಸಿಡಿಯ ದಾರಿಯೇ ತಿರುಗಿತು ನೋಡಿ.

ಯಂತ್ರ ಸುಳ್ಳು ಹೇಳೋದಿಲ್ಲವೇ?

'ಕಂಪ್ಯೂಟರ್ ಲೆಕ್ಕ, ತಪ್ಪಾಗೋಕೆ ಸಾಧ್ಯಾನೇ ಇಲ್ಲ' ಅನ್ನೋರಿಗೆ ಇಂಗ್ಲೆಂಡಿನ ಒಂದು ಸುದ್ದಿ ಹೇಳಬೇಕು. ಅಲ್ಲಿ ಸಣ್ಣ ಸಣ್ಣ ಅಂಗಡಿಯವರೇ ಅಂಚೆ ಕಚೇರಿಯನ್ನೂ ನಡೆಸ್ತಾರೆ. 1999ರಿಂದ ಹೊರೈಜನ್ ಅಂತ ಕಂಪ್ಯೂಟರ್ ಲೆಕ್ಕ ಕೊಟ್ಟರು. ಗಲ್ಲಾದಲ್ಲಿ ದುಡ್ಡು ಕಡಿಮೆ ಇದೆ ಅಂತ ಯಂತ್ರ ಹೇಳಿತು. ಯಂತ್ರದ ಮಾತನ್ನೇ ನಂಬಿ 900ಕ್ಕೂ ಹೆಚ್ಚು ಅಂಗಡಿಯವರನ್ನು ಕಳ್ಳರು ಅಂತ ಶಿಕ್ಷೆಗೆ ಗುರಿಮಾಡಿದರು. ಕೆಲವರು ಜೈಲಿಗೆ ಹೋದರು, ಕೆಲವರು ಪ್ರಾಣವನ್ನೇ ಕಳಕೊಂಡರು. ಕೊನೆಗೆ ತಪ್ಪು ಯಂತ್ರದ್ದು ಅಂತ ಗೊತ್ತಾಗಿ 2024ರ ಮೇ ತಿಂಗಳಲ್ಲಿ ಅಲ್ಲಿನ ಪಾರ್ಲಿಮೆಂಟು ಕಾನೂನು ಮಾಡಿ ಆ ಶಿಕ್ಷೆಗಳನ್ನು ರದ್ದು ಮಾಡಿತು. ಅವರೂ ನಮ್ಮಂಗೆ ಗಲ್ಲಾ ಮೇಲೆ ಕೂತ ಜನವೇ.

ನಮ್ಮಲ್ಲಿ ಫೋನಿನ ತಕ್ಕಡಿ ಪರೀಕ್ಷೆ ಮಾಡೋರು ಯಾರು? ನೀವು ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟರೆ ತೂಕ ಮತ್ತು ಅಳತೆ ಇಲಾಖೆಯವರು ವರ್ಷಕ್ಕೊಮ್ಮೆ ಮುದ್ರೆ ಒತ್ತಬೇಕು. ಮುದ್ರೆ ಇಲ್ಲದಿದ್ದರೆ ದಂಡ. ಫೋನಿನ ಕಂಪನಿಗೂ ನಿಯಮ ಇದೆ. ಬಿಲ್ಲಿನ ಯಂತ್ರ ಸರಿ ಇದೆಯೋ ಇಲ್ಲವೋ ಅಂತ ತಪಾಸಣೆ ಮಾಡಿಸಬೇಕು ಅಂತ ಟ್ರಾಯ್ 2006ರಲ್ಲೇ ಹೇಳಿದೆ, 2023ರಲ್ಲಿ ಹೊಸದಾಗಿ ಬರೆದಿದೆ. ಆದರೆ ತಪಾಸಣೆ ಮಾಡೋ ಆಡಿಟರನ್ನು ಟ್ರಾಯ್ ಕೊಟ್ಟ ಪಟ್ಟಿಯಿಂದ ಆರಿಸಿಕೊಳ್ಳೋದು ಕಂಪನಿಯೇ. ಅಂಗಡಿಯವನೇ ಇನ್‌ಸ್ಪೆಕ್ಟರನ್ನು ಆರಿಸಿ ತಂದು ಕೂರಿಸಿಕೊಳ್ಳೋ ಭಾಗ್ಯ ನಮ್ಮ ಯಾವ ವ್ಯಾಪಾರಿಗಿದೆ? ಆಡಿಟರು ಪ್ರಾಮಾಣಿಕನೇ ಇರಬಹುದು. ಆದರೂ ಮುದ್ರೆ ಜನಕ್ಕೆ ಕಾಣೋ ಹಂಗಿರಬೇಕು.

ಲೆಕ್ಕ ಕೇಳೋದು ತಪ್ಪಾ? ಕಂಪನಿಗಳು ಕೇಳಿಲ್ಲವಾ? ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕಕ್ಕೆ 'ಆದಾಯ' ಅಂದರೆ ಯಾವುದು ಅಂತ ಅವೇ ವರ್ಷಾನುಗಟ್ಟಲೆ ಕೋರ್ಟಿನಲ್ಲಿ ವಾದ ಮಾಡಿದವು. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಸರ್ಕಾರದ ಪರ ತೀರ್ಪು ಕೊಟ್ಟಾಗ ಬಾಕಿ 92 ಸಾವಿರ ಕೋಟಿ ದಾಟಿತ್ತು. 2020ರಲ್ಲಿ ಅದನ್ನು ಕಟ್ಟೋಕೆ ಹತ್ತು ವರ್ಷ ಕಂತು ಸಿಕ್ಕಿತು. ನಮ್ಮ ಅಜ್ಜಿಗೆ 28 ದಿನ ಮುಗಿದು 29ನೇ ಬೆಳಿಗ್ಗೆಗೆ ಒಂದು ಗಂಟೆಯ ಕಂತೂ ಇಲ್ಲ.

ಏನು ಕೇಳಬಹುದು?

ಓದುಗರೇ, ಇಷ್ಟು ಕತ್ತರಿಸಿ ಇಟ್ಕೊಳ್ಳಿ. ಅಂಗಡಿಯವರು ಗೋಡೆಗೆ ಅಂಟಿಸಿದರೆ ಇನ್ನೂ ಒಳ್ಳೇದು.

ಮುಂಗಡದ ಫೋನಿನವರೂ ಬಿಲ್ಲು ಕೇಳಬಹುದು. 2012ರ ಗ್ರಾಹಕ ರಕ್ಷಣಾ ನಿಯಮದ ಪ್ರಕಾರ ಹಿಂದಿನ ಆರು ತಿಂಗಳೊಳಗಿನ ವಿವರವಾದ ಲೆಕ್ಕವನ್ನು ಕಂಪನಿ ಕೊಡಲೇಬೇಕು. ಅದಕ್ಕೆ 50 ರೂಪಾಯಿಗಿಂತ ಹೆಚ್ಚು ಕೇಳೋ ಹಾಗಿಲ್ಲ.

ನೀವು ಕೇಳದ ಹಾಡು, ಜ್ಯೋತಿಷ್ಯ, ಕ್ರಿಕೆಟ್ ಅಂತ ಕಾಸು ಕಿತ್ತರೆ 155223ಕ್ಕೆ ಫೋನ್ ಮಾಡಿ ನಿಲ್ಲಿಸಿ. ನಿಮ್ಮಿಂದ ಎರಡು ಸಲ ಒಪ್ಪಿಗೆ ಪಡೆಯದೆ ಅಂಥ ಸೇವೆ ಶುರು ಮಾಡಬಾರದು ಅಂತ 2013ರಲ್ಲೇ ಆಜ್ಞೆಯಾಗಿದೆ.

90 ದಿನ ಫೋನು ಬಳಸದಿದ್ದರೂ ಖಾತೆಯಲ್ಲಿ 20 ರೂಪಾಯಿ ಇದ್ದರೆ ನಂಬರನ್ನು ರದ್ದು ಮಾಡೋ ಹಾಗಿಲ್ಲ. 20 ಹಿಡಿದುಕೊಂಡು 30 ದಿನ ಮುಂದಕ್ಕೆ ಹಾಕಬೇಕು. ನೆನಪಿರಲಿ, ಇದು ನಂಬರ್ ಉಳಿಸೋದಕ್ಕೆ ಮಾತ್ರ. ಕರೆ ಮಾಡೋಕೆ ಸ್ಕೀಮು ಬೇರೆ ಬೇಕು.

ದೂರು ಇದ್ದರೆ 198ಕ್ಕೆ ಹೇಳಿ, ದೂರಿನ ನಂಬರ್ ಬರೆದಿಟ್ಕೊಳ್ಳಿ. ನಂಬರಿಲ್ಲದ ದೂರು ಗಾಳಿಗೆ ಹೇಳಿದ ಮಾತು. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ 30 ದಿನದೊಳಗೆ ಬರೀಬಹುದು. ಕಾಸು ಕೊಡಬೇಕಿಲ್ಲ. 39 ದಿನದೊಳಗೆ ಅವರು ತೀರ್ಮಾನ ಹೇಳಬೇಕು.

ಅದಕ್ಕೂ ಬಗ್ಗದಿದ್ದರೆ ಹಾಸನದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಫೋನಿನ ತಕರಾರು ಅಲ್ಲಿಗೆ ಬರೋದಿಲ್ಲ ಅಂತ 2009ರಲ್ಲಿ ಒಂದು ತೀರ್ಪಿತ್ತು. ಬರುತ್ತೆ ಅಂತ 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟೇ ಹೇಳಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅರ್ಜಿ ಶುಲ್ಕ ಇಲ್ಲ.

ಕಂಪನಿಯೇ ಬೇಡ ಅನಿಸಿದರೆ ನಂಬರ್ ಉಳಿಸಿಕೊಂಡು ಬೇರೆ ಕಡೆ ಹೋಗಬಹುದು. 2011ರ ಜನವರಿ 20ರಿಂದ ದೇಶಕ್ಕೆಲ್ಲ ಆ ಹಕ್ಕಿದೆ. 1900ಕ್ಕೆ ಕಳಿಸಬೇಕಾದ ಮೆಸೇಜನ್ನು, ನಿಮ್ಮ ಸ್ಕೀಮಿನಲ್ಲಿ ಮೆಸೇಜ್ ಇಲ್ಲ ಅನ್ನೋ ನೆಪ ಹೇಳಿ ತಡೆಯಬಾರದು ಅಂತ 2021ರ ಡಿಸೆಂಬರಿನಲ್ಲಿ ಟ್ರಾಯ್ ಆಜ್ಞೆ ಮಾಡಿದೆ.

ಕೊನೇ ಮಾತು

ನಿಯಮಗಳಿಗೆ ಬರವಿಲ್ಲ ಅಂತ ಗೊತ್ತಾಯಿತಲ್ಲ. ಬರ ಇರೋದು ಅವನ್ನು ಕೇಳೋ ಬಾಯಿಗೆ, ಹೇಳೋ ಬೋರ್ಡಿಗೆ. ಹಕ್ಕೆಲ್ಲ ಇಂಗ್ಲಿಷಿನಲ್ಲಿ, ಕಾಸೆಲ್ಲ ಕನ್ನಡದಲ್ಲಿ ಅನ್ನೋ ಹಂಗಾಗಿದೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಕರೆನ್ಸಿ ಹಾಕಿಸಿದಾಗ ಬರೋ ಮೆಸೇಜು ಕನ್ನಡದಲ್ಲಿರಲಿ, ಎಷ್ಟು ಕಟ್ಟಿದಿರಿ, ತೆರಿಗೆ ಎಷ್ಟು, ಯಾವ ತಾರೀಖಿಗೆ ಮುಗಿಯುತ್ತೆ ಅಂತ ಮೂರು ಸಾಲು ಸಾಕು. 30 ದಿನದ ಸ್ಕೀಮು ಒಳಕೋಣೆಯಿಂದ ಗಲ್ಲಾ ಮುಂದಕ್ಕೆ ಬರಲಿ. ಬರೀ ಮಾತಿನ ಸ್ಕೀಮು 30 ದಿನಕ್ಕೂ ಸಿಗಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಊರಿನಲ್ಲಿ ಪ್ರತಿ ಕಂಪನಿಯೂ ತಿಂಗಳಿಗೊಂದು ದಿನ ಮನುಷ್ಯನೊಬ್ಬನನ್ನು ಕೂರಿಸಲಿ, ದೂರು ಕೇಳಲಿಕ್ಕೆ. ಯಂತ್ರವನ್ನಲ್ಲ, ಮನುಷ್ಯನನ್ನು. ಬಿಲ್ಲಿನ ಯಂತ್ರ ತಪಾಸಣೆಯಾದ ದಿನ, ಸಿಕ್ಕ ತಪ್ಪು, ವಾಪಸ್ಸು ಕೊಟ್ಟ ದುಡ್ಡು, ಈ ಮೂರನ್ನೂ ಅಂಗಡಿಯ ತಕ್ಕಡಿ ಮುದ್ರೆಯ ಹಂಗೆ ಕಾಣೋ ಕಡೆ ಬರೆದು ಹಾಕಲಿ.

ಅಂಗಡಿಯವರಿಗೂ ಒಂದು ಮಾತು. ಹೆಂಗಸರು, ವಯಸ್ಸಾದವರು ಕರೆನ್ಸಿ ಹಾಕಿಸೋಕೆ ಬಂದಾಗ ಒಂದು ಹಾಳೆ ಚೂರಿನಲ್ಲಿ ಮುಗಿಯೋ ತಾರೀಖು ಬರೆದು ಕೊಡಿ. ನಂಬರ್ ಒತ್ತೋ ಮೊದಲು ಹತ್ತಂಕಿಯನ್ನೂ ಗಟ್ಟಿಯಾಗಿ ಓದಿ ಹೇಳಿ. ಅರ್ಧ ನಿಮಿಷದ ಕೆಲಸ. ಎಸ್‌ಟಿಡಿ ಬೂತಿನ ಕಾಲದಲ್ಲಿ ಚೀಟಿ ಹರಿದು ಕೊಟ್ಟ ಕೈ ನಿಮ್ಮದೇ.

ಲೆಕ್ಕ ಲೆಕ್ಕವೇ, ನೆಂಟಸ್ತಿಕೆ ನೆಂಟಸ್ತಿಕೆಯೇ ಅಂತ ನಮ್ಮ ಹಿರಿಯರು ಅಣ್ಣತಮ್ಮಂದಿರ ನಡುವೆಯೂ ಚೀಟಿ ಬರೆದಿಟ್ಟರು. ಈ ಕಂಪನಿಗಳು ನಮಗೆ ಅಣ್ಣನೂ ಅಲ್ಲ ತಮ್ಮನೂ ಅಲ್ಲ. ಮುಂಗಡ ಈಸ್ಕೊಂಡಿದ್ದಾರೆ, ಲೆಕ್ಕ ಒಪ್ಪಿಸಲಿ. ನಾಳೆಯಿಂದ ನಾಲ್ಕು ಊರಿನಲ್ಲಿ ದಿನಕ್ಕೆ ನಾಲ್ಕು ಜನ '50 ರೂಪಾಯಿ ತಗೊಳ್ಳಿ, ನನ್ನ ಆರು ತಿಂಗಳ ಬಿಲ್ಲು ಕೊಡಿ' ಅಂತ ಕೇಳಿ ನೋಡಿ. ಕಾಣೆಯಾದ ಬಿಲ್ಲು ಎಲ್ಲಿದ್ದರೂ ಎದ್ದು ಬರುತ್ತೆ.